ಒಂದೇ ಕಣ್ಣು ಕೆಂಪಾದ ಕ್ಯಾಮೆರಾಮನ್

ಮೇಕಪ್ ರೂಮಿನಿಂದ ಕಿರುಚಾಟ ಕೇಳಿಸಿತು. ಯಾರೂ ಓಡಲಿಲ್ಲ.

ಟಿವಿ ಧಾರಾವಾಹಿಯ ಸೆಟ್ಟಿನಲ್ಲಿ ಕಿರುಚಾಟವೆಂದರೆ ರಿಹರ್ಸಲ್. ಎರಡನೆಯ ಸಲ ಕೇಳಿಸಿದಾಗ ಏಣಿಯ ಮೇಲೆ ಲೈಟ್ ಕಟ್ಟುತ್ತಿದ್ದವನು, "ಮೇಡಂ ಇವತ್ತು ಒಳ್ಳೇ ಮೂಡಲ್ಲಿದ್ದಾರೆ" ಅಂದ. ಮೂರನೆಯ ಸಲ ಕಿರುಚಾಟದ ಜೊತೆಗೆ ಕನ್ನಡಿ ಒಡೆದ ಸದ್ದೂ ಬಂತು. ಆಗ ಎಲ್ಲರೂ ಎದ್ದುಬಿದ್ದು ಓಡಿದರು. ಕನ್ನಡಿ ಕಂಪನಿಯದು.

ಒಳಗೆ ಧಾರಾವಾಹಿಯ ನಾಯಕಿ ನಿಂತಿದ್ದಳು. ಎರಡು ಕಣ್ಣೂ ಊದಿಕೊಂಡು ಕೆಂಪಗಾಗಿದ್ದವು. ರೆಪ್ಪೆಗೆ ಗೀಜು ಮೆತ್ತಿತ್ತು. ಆಗತಾನೇ ಹಚ್ಚಿದ ಕಾಡಿಗೆ ನೀರಾಗಿ ಗಲ್ಲದವರೆಗೂ ಇಳಿದಿತ್ತು. ಕಾಡಿಗೆ ಹಚ್ಚಿದ ಮೇಕಪ್ ಅಕ್ಕ ಪಕ್ಕದಲ್ಲಿ ಬೆರಳಿನ ಕಪ್ಪು ಒರೆಸಿಕೊಳ್ಳುವುದನ್ನೂ ಮರೆತು ನಿಂತಿದ್ದಳು.

"ವಿಷ!" ಅಂದಳು ನಾಯಕಿ. "ಇವಳು ಕಾಡಿಗೆಗೆ ಏನೋ ಬೆರೆಸಿದ್ದಾಳೆ. ನಿನ್ನೆ ನನ್ನ ಮೂಗು ದಪ್ಪ ಕಾಣ್ತಿದೆ, ಮೇಕಪ್ ಸರಿಯಿಲ್ಲ ಅಂದಿದ್ದೆ. ಆ ಸಿಟ್ಟು ತೀರಿಸ್ಕೊಂಡಿದ್ದಾಳೆ!"

"ದಪ್ಪ ಇರೋ ಮೂಗು ದಪ್ಪ ಕಾಣದೆ ಇನ್ನೇನು" ಅಂದಳು ಮೇಕಪ್ ಅಕ್ಕ. ಇದು ಅವಳಿಗೇನೂ ಅನುಕೂಲ ಮಾಡಲಿಲ್ಲ.

ಅಷ್ಟರಲ್ಲಿ ಬಾಗಿಲ ಬಳಿ ಇನ್ನೊಂದು ಸದ್ದು. ನಾಯಕಿಯ ಅಮ್ಮನ ಪಾತ್ರ ಮಾಡುವ ಹೆಂಗಸು ಗೋಡೆ ಹಿಡಿದುಕೊಂಡು ಬಂದಳು. ಅವಳ ಕಣ್ಣೂ ಕೆಂಪು. ಅವಳ ಹಿಂದೆ ತಂಗಿಯ ಪಾತ್ರದವಳು. ಅವಳದ್ದೂ ಕೆಂಪು. ಇಬ್ಬರಿಗೂ ಮೇಕಪ್ ಮಾಡುವುದು ಅಕ್ಕನೇ. ಇಡೀ ರೂಮು ಅಕ್ಕನ ಕಡೆ ತಿರುಗಿತು.

ನಿರ್ಮಾಪಕರು ತಲೆ ಮೇಲೆ ಕೈ ಹೊತ್ತು ಕುರ್ಚಿಯಲ್ಲಿ ಕುಸಿದರು. ದುಡ್ಡು ಉಳಿಸಲು ನಿರ್ದೇಶನವನ್ನೂ ತಾವೇ ಮಾಡುವ ಮನುಷ್ಯ ಅವರು. ಅದಕ್ಕೇ ಅವರ ತಲೆನೋವೂ ಇಬ್ಬರದ್ದು.

"ಇಪ್ಪತ್ತು ವರ್ಷ ನಿನ್ನ ಕೈಗೆ ಮುಖ ಕೊಟ್ಟಿದ್ದೀವಲ್ಲಮ್ಮಾ" ಅಂದರು. "ಈಗ ನಾನು ಏನು ಮಾಡ್ಲಿ? ಮೇಡಂ ಕಂಪ್ಲೇಂಟ್ ಕೊಡ್ತೀನಿ ಅಂತಿದ್ದಾರೆ. ಸಂಜೆ ನಿಜವಾದ ಪೊಲೀಸರು ಬರ್ತಾರೆ. ಅವರಿಗೇ ಹೇಳ್ಕೋ."

ನಿಜವಾದ ಎಂಬ ಆ ಮಾತು ಬಾಗಿಲಲ್ಲಿ ಯೂನಿಫಾರ್ಮ್ ಹಾಕಿ ನಿಂತಿದ್ದವನಿಗೆ ಸರಿಯಾಗಿ ನಾಟಿತು.

*

ಅವನು ಇನ್ಸ್‌ಪೆಕ್ಟರ್. ಅಂದರೆ ಧಾರಾವಾಹಿಗಳಲ್ಲಿ ಇನ್ಸ್‌ಪೆಕ್ಟರ್. ಭುಜದ ಮೇಲಿನ ನಕ್ಷತ್ರಗಳು ಅಂಟಿಸಿದ್ದು. ಮೀಸೆಯೂ ಅಂಟಿಸಿದ್ದು. ವೃತ್ತಿಜೀವನದುದ್ದಕ್ಕೂ ಅವನಿಗೆ ಸಿಕ್ಕಿದ ಡೈಲಾಗು ಒಂದೇ: "ಯಾರೂ ಅಲುಗಾಡಬೇಡಿ." ಅದೂ ಎಲ್ಲ ಮುಗಿದ ಮೇಲೆ, ನಾಯಕ ಕಳ್ಳನನ್ನು ಹಿಡಿದು ಕಟ್ಟಿಹಾಕಿದ ಮೇಲೆ. ಒಬ್ಬ ಅಪರಾಧಿಯನ್ನಾದರೂ ತಾನೇ ಪತ್ತೆ ಮಾಡಬೇಕೆಂಬುದು ಅವನ ಬಹುದಿನದ ಆಸೆ.

ಆ ಆಸೆ ಹೀಗೆ ಈಡೇರುತ್ತದೆಂದು ಅವನು ಎಣಿಸಿರಲಿಲ್ಲ. ಮೇಕಪ್ ಅಕ್ಕ ಅವನ ಹೆಂಡತಿ.

"ನಾನು ಪತ್ತೆ ಮಾಡ್ತೀನಿ" ಅಂದ ಅವನು, ಹೆಂಡತಿಯನ್ನು ಬಟ್ಟೆಗಳ ರೂಮಿಗೆ ಕರೆದುಕೊಂಡು ಹೋಗಿ. "ಸಂಜೆಯೊಳಗೆ."

"ರೀ, ಮನೇಲಿ ಬೀಗದ ಕೈ ಎಲ್ಲಿದೆ ಅಂತ ಪತ್ತೆ ಮಾಡೋಕಾಗಲ್ಲ ನಿಮಗೆ."

"ಅದು ಬೇರೆ."

"ಜೇಬಲ್ಲೇ ಇರುತ್ತೆ."

ಅವಳು ಮುಖ ಗಟ್ಟಿ ಮಾಡಿಕೊಂಡು ತಂಗಿಗೆ ಫೋನ್ ಮಾಡಲು ಹೊರಗೆ ಹೋದಳು. ತಂಗಿ ದೊಡ್ಡಾಸ್ಪತ್ರೆಯೊಂದರ ಲ್ಯಾಬಿನಲ್ಲಿ ಡಾಕ್ಟರು. ಇನ್ಸ್‌ಪೆಕ್ಟರ್ ಒಬ್ಬನೇ ಉಳಿದ. ರಾಜರ ಬಟ್ಟೆ, ಭಿಕ್ಷುಕರ ಬಟ್ಟೆ ಒಟ್ಟಿಗೆ ತೂಗುತ್ತಿದ್ದ ಸ್ಟ್ಯಾಂಡಿನ ಹಿಂದೆ ಸ್ವಲ್ಪ ಹೊತ್ತು ನಿಂತ. ಹೆಂಡತಿಯನ್ನು ಯಾರೋ ಪೊಲೀಸ್ ಜೀಪಿಗೆ ಹತ್ತಿಸುವ ದೃಶ್ಯ ಕಣ್ಣ ಮುಂದೆ ಬಂತು. ಹೊರಗೆ ಬಂದಾಗ ಮೂಗು ಕೆಂಪಾಗಿತ್ತು.

"ಧೂಳು" ಅಂದ, ಎದುರಿಗೆ ಸಿಕ್ಕ ಹೆಂಡತಿಗೆ. ಅವಳು ಯಾಕೆಂದು ಕೇಳಿರಲಿಲ್ಲ.

*

ಇನ್ಸ್‌ಪೆಕ್ಟರ್ ಮೊದಲು ಹಿಡಿದದ್ದು ತಾತನನ್ನು.

ತಾತ ಅಂದರೆ ಧಾರಾವಾಹಿಯ ತಾತ. ಕಳೆದ ವಾರವಷ್ಟೇ ಅವರನ್ನು ಕಥೆಯಲ್ಲಿ ಸಾಯಿಸಿದ್ದರು. ಸಂಬಳದ ಬಾಕಿ ಕೇಳಲು ಅವರು ಈಗಲೂ ದಿನಾ ಸೆಟ್ಟಿಗೆ ಬಂದು, ಟೀ ಕುಡಿದು, ತಾವು ಸತ್ತ ಮಂಚದ ಮೇಲೆಯೇ ಕೂತು ಹೋಗುತ್ತಿದ್ದರು. ಇಡೀ ಕುಟುಂಬದ ಕಣ್ಣು ಕೆಂಪಾಗಿರುವಾಗ ತಾತನ ಕಣ್ಣುಗಳು ಮಾತ್ರ ಹಾಲಿನಂತೆ ಬೆಳ್ಳಗಿದ್ದವು. ಇದಕ್ಕಿಂತ ದೊಡ್ಡ ಸಾಕ್ಷಿ ಬೇಕೆ?

"ನಿಮ್ಮನ್ನ ಸಾಯಿಸಿ ಅಂತ ಹಠ ಹಿಡಿದಿದ್ದು ನಾಯಕಿ. ಹೌದೋ ಅಲ್ವೋ?"

"ಹೌದಪ್ಪಾ. ನಾನು ಸೀನಿನ ಮಧ್ಯೆ ಗೊರಕೆ ಹೊಡೀತೀನಂತೆ."

"ಅವರ ಮೇಲೆ ಸಿಟ್ಟಿತ್ತು."

"ಇತ್ತು. ಈಗಲೂ ಇದೆ."

"ಎಲ್ಲರ ಕಣ್ಣು ಕೆಂಪಾಗಿದೆ. ನಿಮ್ಮದು ಮಾತ್ರ ಯಾಕೆ ಆಗಿಲ್ಲ?"

ತಾತ ಟೀ ಲೋಟ ಕೆಳಗಿಟ್ಟರು. "ಎಲ್ಲರೂ ಅಳ್ತಾ ಇದ್ರಲ್ಲಪ್ಪಾ. ನಾನು ಸತ್ತಿದ್ದೆ."

ಇನ್ಸ್‌ಪೆಕ್ಟರ್ ಈ ಉತ್ತರವನ್ನು ತಪ್ಪಿಸಿಕೊಳ್ಳುವ ಯತ್ನವೆಂದು ಪರಿಗಣಿಸಿದ. ಆ ಇಡೀ ದಿನದಲ್ಲಿ ಅವನಿಗೆ ಸಿಕ್ಕಿದ ಅತಿ ದೊಡ್ಡ ಸುಳಿವು ಅದೇ ಎಂದು ಆಗ ಹೊಳೆಯಲಿಲ್ಲ. ತಾತನ ಜೇಬು ತಡಕಿ, ಮೆಣಸಿನ ಪುಡಿಯ ಬದಲು ಹಲ್ಲಿನ ಸೆಟ್ಟು ಸಿಕ್ಕಿದ ಮೇಲೆ ಕ್ಷಮೆ ಕೇಳಿ ಹೊರಟ.

*

ಲ್ಯಾಬಿನ ಡಾಕ್ಟರು ನಾದಿನಿ ಬಂದಳು. ಬಂದವಳೇ ಎರಡೂ ಕೈಗೆ ಗ್ಲೌಸ್ ಏರಿಸಿ, ನಾಯಕಿಯ ರೆಪ್ಪೆ ಎಳೆದು ನೋಡಿದಳು, ಕಿವಿಯ ಮುಂದಿನ ಗಂಟು ಒತ್ತಿ ನೋಡಿದಳು. ಹತ್ತಿಯ ಕಡ್ಡಿಯಲ್ಲಿ ಕಣ್ಣಿನ ನೀರು ತೆಗೆದು ಕೊಳವೆಗೆ ಹಾಕಿದಳು. ಅಮ್ಮನ ಪಾತ್ರದವಳಿಗೂ, ತಂಗಿಯ ಪಾತ್ರದವಳಿಗೂ ಹಾಗೇ ಮಾಡಿದಳು. ಆಮೇಲೆ ಗ್ಲೌಸ್ ಬಿಚ್ಚಿ ಎಸೆದು, ಸೋಪು ಹಾಕಿ ಮೊಣಕೈವರೆಗೆ ಕೈ ತೊಳೆದುಕೊಂಡು ಬಂದಳು.

"ಭಾವ, ವಿಷವೂ ಇಲ್ಲ ಮಣ್ಣೂ ಇಲ್ಲ. ಇದು ಕಣ್ಣುಬೇನೆ. ವೈರಸ್ಸು."

"ಅಂದರೆ ಕಾಡಿಗೇಲಿ ಯಾರೋ ವೈರಸ್ ಬೆರೆಸಿದ್ದಾರೆ!"

"ಅಯ್ಯೋ ರಾಮ! ಕೂತ್ಕೊಳ್ಳಿ. ನಿಮಗೆ ಅರ್ಥ ಆಗೋ ಭಾಷೇಲಿ ಹೇಳ್ತೀನಿ. ಒಬ್ಬ ಕಳ್ಳ ಇದ್ದಾನೆ. ಅವನು ಮನೆಗೆ ನುಗ್ಗಬೇಕು ಅಂದ್ರೆ ಏನು ಬೇಕು?"

"ಬಾಗಿಲು" ಅಂದ ಇನ್ಸ್‌ಪೆಕ್ಟರ್. ಇದು ಅವನ ಕ್ಷೇತ್ರ.

"ಸರಿ. ನಮ್ಮ ಚರ್ಮ ಗೋಡೆ. ಗಾಯ ಆಗದೆ ಇದ್ರೆ ಈ ಕಳ್ಳ ಅದನ್ನ ದಾಟಲ್ಲ. ಆದರೆ ಮೂಗು, ಬಾಯಿ, ಕಣ್ಣು, ಇವು ಒದ್ದೆ ಜಾಗ. ಇವೇ ಬಾಗಿಲು. ಬಾಗಿಲಿಗೆ ಬಂದ್ರೂ ಸಾಲದು, ಬೀಗ ತೆಗೀಬೇಕು. ವೈರಸ್ಸಿನ ಮೈ ಮೇಲೇ ಕೀ ಇರುತ್ತೆ. ಕಣ್ಣಿನ ಜೀವಕೋಶದ ಬೀಗಕ್ಕೆ ಅದು ಸರಿಹೊಂದಿದ್ರೆ ಒಳಗೆ ಹೋಗುತ್ತೆ."

"ಒಳಗೆ ಹೋಗಿ ಕದೀತಾನೆ."

"ಕದಿಯೋದಲ್ಲ ಭಾವ, ಅಡುಗೆಮನೆಗೆ ನುಗ್ಗಿ ಅವರ ಒಲೆ, ಅವರ ಪಾತ್ರೇಲೇ ತನ್ನಂಥವರನ್ನ ಸಾವಿರಾರು ಮಾಡ್ತಾನೆ. ಆಮೇಲೆ ಆ ಮನೆ ಒಡೆದು, ಅಷ್ಟೂ ಜನ ಅಕ್ಕಪಕ್ಕದ ಮನೆಗಳಿಗೆ ನುಗ್ತಾರೆ. ಆಗ ದೇಹಕ್ಕೆ ಸುದ್ದಿ ಮುಟ್ಟುತ್ತೆ. ರಕ್ತದಲ್ಲಿರೋ ನಮ್ಮ ಪೊಲೀಸರು ಲಾಠಿ ಹಿಡ್ಕೊಂಡು ಓಡಿ ಬರ್ತಾರೆ. ಕಣ್ಣು ಕೆಂಪಾಗೋದು, ಊದೋದು, ನೀರು ಸುರಿಯೋದು, ಇದೆಲ್ಲ ಬಹುಪಾಲು ಆ ಪೊಲೀಸರ ಗಲಾಟೆ."

"ಪೊಲೀಸರು ತಡವಾಗಿ ಬರ್ತಾರೆ" ಅಂದ ಇನ್ಸ್‌ಪೆಕ್ಟರ್, ಒಳಗೊಳಗೇ ನೊಂದು.

"ಯಾವಾಗಲೂ. ಅದೇ ಇಲ್ಲಿ ಮುಖ್ಯ. ಕಳ್ಳ ನುಗ್ಗಿದ್ದು ಒಂದು ದಿನ, ಗಲಾಟೆ ಕೇಳಿಸೋದು ಸುಮಾರು ಒಂದು ವಾರ ಆದ ಮೇಲೆ. ಇವತ್ತು ಬೆಳಿಗ್ಗೆ ಹಚ್ಚಿದ ಕಾಡಿಗೆಯಿಂದ ಇವತ್ತು ಬೆಳಿಗ್ಗೇನೇ ಹೀಗಾಗಲ್ಲ. ಬೇನೆ ಮೊದಲೇ ಒಳಗಿತ್ತು. ಇವತ್ತು ಕಾಡಿಗೆ ಉರಿ ಹೆಚ್ಚಿಸ್ತು, ಅಷ್ಟೆ."

ಇನ್ಸ್‌ಪೆಕ್ಟರ್ ಎದ್ದು ನಿಂತ. "ಹಾಗಿದ್ರೆ ನನ್ನ ಹೆಂಡತಿ ನಿರಪರಾಧಿ!"

"ಇವತ್ತಿನ ಮಟ್ಟಿಗೆ" ಅಂದಳು ನಾದಿನಿ. "ಹೋದ ವಾರದ ಬಗ್ಗೆ ಗೊತ್ತಿಲ್ಲ. ಲ್ಯಾಬ್ ಕಳ್ಳನ ಹೆಸರು ಹೇಳುತ್ತೆ. ಅವನನ್ನ ಸೆಟ್ಟಿಗೆ ಕರ್ಕೊಂಡು ಬಂದವರು ಯಾರು, ಕಣ್ಣಿಂದ ಕಣ್ಣಿಗೆ ದಾಟಿಸಿದ ಗಾಡಿ ಯಾವುದು, ಅದನ್ನ ನೀವೇ ಹುಡುಕ್ಬೇಕು. ಗಾಡಿ ಅಕ್ಕನ ಮೇಕಪ್ ಪೆಟ್ಟಿಗೇಲೇ ಸಿಕ್ಕಿದ್ರೆ ನಾನು ಅಕ್ಕ ಅಂತ ನೋಡಲ್ಲ."

ಮೇಕಪ್ ಅಕ್ಕ ಪೆಟ್ಟಿಗೆಯನ್ನು ದಡಾರನೆ ತೆರೆದು ಮೇಜಿನ ಮೇಲೆ ಸುರಿದಳು. ಒಬ್ಬೊಬ್ಬರಿಗೆ ಒಂದೊಂದು ಸ್ಪಂಜು. ಒಬ್ಬೊಬ್ಬರಿಗೆ ಒಂದೊಂದು ಕಾಡಿಗೆ ಡಬ್ಬಿ, ಕಡ್ಡಿ. ಸ್ಪಿರಿಟ್ಟಿನಲ್ಲಿ ತೊಳೆದ ಬ್ರಶ್ಶುಗಳು. ನಾದಿನಿ ಮೂಗು ಮುರಿಯಲು ಕಾರಣ ಹುಡುಕಿ ಸೋತಳು.

"ನೋಡಿದ್ಯಾ?" ಅಂದಳು ಅಕ್ಕ. "ಹೋಗಿ ನಿಮ್ಮ ಆಸ್ಪತ್ರೆ ತೊಳ್ಕೋ."

*

ಆಗ ಕ್ಯಾಮೆರಾಮನ್ ಬಂದ. ಪಾಪ, ಕೆಲಸ ಬಿಟ್ಟು ಬೇರೆ ಮಾತಾಡದ ಮನುಷ್ಯ. ಬಲಗಣ್ಣು ಕೆಂಪಾಗಿ ಮುಚ್ಚಿಕೊಂಡಿತ್ತು. ಎಡಗಣ್ಣು ಸ್ವಚ್ಛವಾಗಿತ್ತು.

"ನನಗೂ ಬಂದಿದೆ" ಅಂದ. "ಅರ್ಧ."

ಇನ್ಸ್‌ಪೆಕ್ಟರ್‌ ಅವನ ಸುತ್ತ ಒಂದು ಸುತ್ತು ಬಂದ. ಕ್ಯಾಮೆರಾಮನ್ನಿಗೆ ಯಾರೂ ಕಾಡಿಗೆ ಹಚ್ಚುವುದಿಲ್ಲ. ಪೌಡರ್ ಬಳಿಯುವುದಿಲ್ಲ. ಅವನು ಮೇಕಪ್ ರೂಮಿನ ಕಡೆ ತಲೆ ಹಾಕಿಯೂ ಮಲಗುವುದಿಲ್ಲ. ಮತ್ತೆ ಅವನಿಗೆ ಹೇಗೆ ಬಂತು? ಅದೂ ಒಂದೇ ಕಣ್ಣಿಗೆ?

"ಆ ಕಣ್ಣಲ್ಲಿ ಏನು ಮಾಡ್ತೀಯ?"

"ನೋಡ್ತೀನಿ."

"ಇನ್ನೊಂದರಲ್ಲಿ?"

"ಮುಚ್ಕೋತೀನಿ."

ಇಬ್ಬರೂ ಕ್ಯಾಮೆರಾದ ಬಳಿಗೆ ಹೋದರು. ನಿರ್ಮಾಪಕರು ಎಲ್ಲಿಂದಲೋ ಅಗ್ಗಕ್ಕೆ ತಂದ ಹಳೆಯ ಕ್ಯಾಮೆರಾ ಅದು. ಕಣ್ಣಿಟ್ಟು ನೋಡುವ ಕಿಂಡಿಯ ಸುತ್ತ ಕಪ್ಪು ರಬ್ಬರು. ಬೆಳಗಿಂದ ಸಂಜೆವರೆಗೆ ಕ್ಯಾಮೆರಾಮನ್ನಿನ ಬಲಗಣ್ಣು ಆ ರಬ್ಬರಿಗೆ ಅಂಟಿಕೊಂಡೇ ಇರುತ್ತದೆ.

"ಹೀಗಾ?" ಎಂದು ಇನ್ಸ್‌ಪೆಕ್ಟರ್ ಬಗ್ಗಿ, ತನ್ನ ಬಲಗಣ್ಣನ್ನು ರಬ್ಬರಿಗೆ ಒತ್ತಿ ನೋಡಿದ.

"ಭಾವಾ!"

ನಾದಿನಿಯ ಕೂಗಿಗೆ ಏಣಿಯ ಮೇಲಿದ್ದವನು ಬಲ್ಬು ಕೈಬಿಟ್ಟ. ಅವಳು ಓಡಿಬಂದು ಇನ್ಸ್‌ಪೆಕ್ಟರನ್ನು ಕಾಲರ್ ಹಿಡಿದು ಎಳೆದುಕೊಂಡು ಹೋಗಿ, ನಲ್ಲಿಯ ಕೆಳಗೆ ತಲೆ ಬಗ್ಗಿಸಿ ಕಣ್ಣು ತೊಳೆಸಿದಳು. ಅರ್ಧ ಮೀಸೆ ನೀರಲ್ಲಿ ಹೋಯಿತು.

"ಅಪರಾಧ ನಡೆದ ಜಾಗವನ್ನ ಮುಟ್ಟಬಾರದು ಅಂತ ನಿಮ್ಮ ಧಾರಾವಾಹೀಲಿ ಹೇಳಿಕೊಟ್ಟಿಲ್ವಾ?"

"ನನಗೆ ಒಂದೇ ಡೈಲಾಗ್ ಕೊಡೋದು" ಅಂದ ಇನ್ಸ್‌ಪೆಕ್ಟರ್, ನೀರು ಸುರಿಸುತ್ತಾ. ಆದರೆ ಮುಖ ಅರಳಿತ್ತು. ಅವನು ಕ್ಯಾಮೆರಾಮನ್ನಿನ ಕಡೆ ತಿರುಗಿದ. "ನೀನಲ್ಲದೆ ಇನ್ನು ಯಾರು ಇದರಲ್ಲಿ ಕಣ್ಣಿಡ್ತಾರೆ?"

ಕ್ಯಾಮೆರಾಮನ್ ಆಚೀಚೆ ನೋಡಿದ. ಆಮೇಲೆ ಮೆಲ್ಲಗೆ, "ಒರಿಜಿನಲ್ ಸಾರ್" ಅಂದ.

*

ಒರಿಜಿನಲ್ ಸಾರ್ ಎಂದರೆ ಧಾರಾವಾಹಿಯ ನಾಯಕ. ಆ ಹೆಸರು ಬಂದದ್ದು ಅವನ ಕಣ್ಣೀರಿನಿಂದ. ಉಳಿದ ನಟರೆಲ್ಲ ಅಳಬೇಕಾದಾಗ ಕೆಳರೆಪ್ಪೆಯ ಅಂಚಿಗೆ ಒಂದು ಹನಿ ಗ್ಲಿಸರಿನ್ ಬಿಟ್ಟುಕೊಳ್ಳುತ್ತಾರೆ, ಅದು ಕಣ್ಣೀರಿನಂತೆ ಕೆನ್ನೆಗೆ ಇಳಿಯುತ್ತದೆ. ಇವನು ಗ್ಲಿಸರಿನ್ ಬಾಟಲಿ ಕಂಡರೆ ಮುಖ ತಿರುಗಿಸುತ್ತಿದ್ದ. "ನನ್ನದು ಒರಿಜಿನಲ್" ಅನ್ನುತ್ತಿದ್ದ. ಅಳುವ ದೃಶ್ಯಕ್ಕೆ ಮುಂಚೆ ಮೇಕಪ್ ರೂಮಿನಿಂದ ಎಲ್ಲರನ್ನೂ ಹೊರಗೆ ಕಳಿಸಿ, ಬಾಗಿಲು ಹಾಕಿಕೊಂಡು, ಒಬ್ಬನೇ ಕೂತು ದುಃಖ ತಂದುಕೊಳ್ಳುತ್ತಿದ್ದ. ಆಗ ಸೆಟ್ಟಿನಲ್ಲಿ ಯಾರೂ ಸೀನುವಂತೆಯೂ ಇರಲಿಲ್ಲ. ಪತ್ರಿಕೆಗಳು ಈ ಬಗ್ಗೆ ಬರೆದಿದ್ದವು. ಪ್ರಶಸ್ತಿಯೂ ಬಂದಿತ್ತು.

ಈಗ ಅವನು ಸೆಟ್ಟಿನ ಮೂಲೆಯಲ್ಲಿ ಕಪ್ಪು ಕನ್ನಡಕ ಹಾಕಿ, ಕಾಲ ಮೇಲೆ ಕಾಲು ಹಾಕಿ ಕೂತಿದ್ದ. ಕಥೆಯಲ್ಲಿ ನಾಯಕ ಕುರುಡನಾಗಿದ್ದ. ತಾತ ಸತ್ತ ಆಘಾತಕ್ಕೆ ದೃಷ್ಟಿ ಹೋಗಿತ್ತು.

ಇನ್ಸ್‌ಪೆಕ್ಟರ್ ನೇರವಾಗಿ ಹೋಗಲಿಲ್ಲ. ಕಥೆ ಬರೆಯುವವನ ಹತ್ತಿರ ಹೋದ. ಬರೆಯುವವನು ಏಣಿಯ ಕೆಳಗೆ ಕೂತು ಉಗುರು ಕಚ್ಚುತ್ತಿದ್ದ.

"ನಾಯಕನ್ನ ಕುರುಡ ಮಾಡಿದ್ದು ಯಾಕೆ?"

"ನಾನು ಮಾಡ್ಲಿಲ್ಲ ಸಾರ್!" ಅಂದ ಅವನು. ಎಷ್ಟೋ ದಿನದಿಂದ ಯಾರಾದರೂ ಕೇಳಲಿ ಎಂದು ಕಾಯುತ್ತಿದ್ದವನ ಹಾಗೆ ಮಾತು ಹೊರಬಿತ್ತು. "ನಾನು ಅವನಿಗೆ ಮುಂದಿನ ವಾರ ವಿಮಾನ ಓಡಿಸೋ ಸೀನು ಬರೆದಿಟ್ಟಿದ್ದೆ. ಒರಿಜಿನಲ್ ಸಾರ್ ಬಂದು, ಶಾಕ್‌ಗೆ ಕಣ್ಣು ಹೋಗ್ಲಿ, ಕಪ್ಪು ಕನ್ನಡಕ ಕೊಡಿ ಅಂತ ಪಟ್ಟು ಹಿಡಿದ್ರು. ಈಗ ಕುರುಡನ ಕೈಲಿ ವಿಮಾನ ಹೇಗೆ ಓಡಿಸ್ಲಿ ನಾನು?"

"ಯಾವಾಗ ಹೇಳಿದ್ದು?"

"ತಾತ ಸಾಯೋ ಸೀನ್ ತೆಗೆದ ದಿನ ಬೆಳಿಗ್ಗೆ. ಮೇಕಪ್ಪಿಗೂ ಮುಂಚೆ."

ಇನ್ಸ್‌ಪೆಕ್ಟರ್ ಆ ದೃಶ್ಯದ ವಿಡಿಯೋ ಹಾಕಿಸಿ ನೋಡಿದ. ಪಕ್ಕದಲ್ಲಿ ಹೆಂಡತಿ ಮತ್ತು ನಾದಿನಿ. ತೆರೆಯ ಮೇಲೆ ತಾತ ಸತ್ತಿದ್ದರು, ಹೊಟ್ಟೆ ಮಾತ್ರ ಏರಿಳಿಯುತ್ತಿತ್ತು. ಸುತ್ತ ಕುಟುಂಬ. ಮಧ್ಯೆ ಒರಿಜಿನಲ್ ಸಾರ್, ಕನ್ನಡಕವಿಲ್ಲದೆ, ಬೋರೆಂದು ಅಳುತ್ತಿದ್ದ. ಕಣ್ಣು ರಕ್ತದಂತೆ ಕೆಂಪಾಗಿತ್ತು. ಅವತ್ತು ಆ ಕೆಂಪು ನೋಡಿ ಇಡೀ ಸೆಟ್ಟು ಚಪ್ಪಾಳೆ ತಟ್ಟಿತ್ತು.

"ನಿಲ್ಸು" ಅಂದಳು ಮೇಕಪ್ ಅಕ್ಕ. ಅವಳು ತೆರೆಯ ಹತ್ತಿರ ಹೋಗಿ ಬೆರಳಿಟ್ಟಳು. "ಈ ಹನಿ ನೋಡಿ. ಎರಡು ಡೈಲಾಗ್ ಆಯ್ತು. ಇನ್ನೂ ಇಲ್ಲೇ ನಿಂತಿದೆ. ಕಣ್ಣೀರು ಹೀಗೆ ನಿಲ್ಲಲ್ಲ, ಜಾರಿಹೋಗುತ್ತೆ, ಇಲ್ಲ ಆರುತ್ತೆ. ಹೀಗೆ ಎಣ್ಣೆ ಹನಿ ಥರ ಕೂರೋದು ನನ್ನ ಗ್ಲಿಸರಿನ್ನು."

"ಮೂಗು ನೋಡಿ" ಅಂದಳು ನಾದಿನಿ. "ಕಣ್ಣಿನ ಮೂಲೆಯಿಂದ ಮೂಗಿಗೆ ಒಂದು ಸಣ್ಣ ಕೊಳವೆ ಇದೆ. ಇಷ್ಟು ಅತ್ತವರಿಗೆ ಮೂಗು ಸೋರಲೇಬೇಕು. ಇವರದ್ದು ಒಣಗಿದೆ."

ಆಮೇಲೆ ಅಕ್ಕನ ಮುಖ ನಿಧಾನವಾಗಿ ಇಳಿಯಿತು. ಅವಳು ಕುರ್ಚಿಯಲ್ಲಿ ಕೂತಳು.

"ಸ್ಪಂಜು ಬೇರೆ ಬೇರೆ ಇಟ್ಟೆ" ಅಂದಳು. "ಕಾಡಿಗೆ ಬೇರೆ ಇಟ್ಟೆ. ಗ್ಲಿಸರಿನ್ ಮಾತ್ರ ಎಲ್ಲರಿಗೂ ಒಂದೇ ಬಾಟಲಿ ಕಣೇ. ಒಂದೇ ಹನಿ ಬಿಡೋ ಕಡ್ಡಿ. ಅದು ಮೇಕಪ್ ಅಂತ ನನಗೆ ಯಾವತ್ತೂ ಅನ್ನಿಸಲೇ ಇಲ್ಲ. ಕಣ್ಣೀರು ಅಂತಲೇ ಅಂದ್ಕೊಂಡಿದ್ದೆ."

ಇನ್ಸ್‌ಪೆಕ್ಟರ್‌ ಕುರ್ಚಿಯ ಪಕ್ಕಕ್ಕೆ ಸರಿದ. ಅವಳ ಭುಜದ ಮೇಲೆ ಕೈ ಇಡಲು ಹೋದ.

"ಕೈ ತೊಳ್ಕೊಂಡ್ರಾ?" ಅಂದಳು ನಾದಿನಿ.

*

ಹೊರಗೆ ಜೀಪು ನಿಂತ ಸದ್ದಾಯಿತು. ನಿಜವಾದ ಇನ್ಸ್‌ಪೆಕ್ಟರ್ ಒಳಗೆ ಬಂದರು. ಸ್ವಂತ ಮೀಸೆ. ನಾಯಕಿ ಊದಿದ ಕಣ್ಣಿಂದ ದಾರಿ ಕಾಣದೆ, ತಪ್ಪಾಗಿ ಲೈಟಿನ ಕಂಬಕ್ಕೆ ದೂರು ಹೇಳಲು ಶುರುಮಾಡಿದಳು.

"ಯಾರೂ ಅಲುಗಾಡಬೇಡಿ!"

ಅರ್ಧ ಮೀಸೆಯ ಇನ್ಸ್‌ಪೆಕ್ಟರ್ ತಾತನ ಮಂಚದ ಪಕ್ಕ ನಿಂತಿದ್ದ. ಆ ಡೈಲಾಗನ್ನು ಅವನು ಅಷ್ಟು ಚೆನ್ನಾಗಿ ಎಂದೂ ಹೇಳಿರಲಿಲ್ಲ. ನಿಜವಾದ ಇನ್ಸ್‌ಪೆಕ್ಟರೂ ಅಲುಗಾಡದೆ ನಿಂತುಬಿಟ್ಟರು.

"ಇವತ್ತು ಸೆಟ್ಟಿನಲ್ಲಿ ಯಾರ ಯಾರ ಕಣ್ಣು ಕೆಂಪಾಗಿದೆ? ನಾಯಕಿ, ಅಮ್ಮ, ತಂಗಿ. ಮೂವರೂ ಅಕ್ಕನ ಹತ್ತಿರ ಮೇಕಪ್ ಮಾಡಿಸ್ಕೋತಾರೆ, ಆದ್ದರಿಂದ ಅಕ್ಕನೇ ತಪ್ಪಿತಸ್ಥೆ ಅಂದ್ರಿ. ತಾತನೂ ಅವಳ ಹತ್ತಿರವೇ ಮೇಕಪ್ ಮಾಡಿಸ್ಕೋತಿದ್ರು. ಅವರಿಗೆ ಯಾಕೆ ಬರಲಿಲ್ಲ?"

"ನಾನು ಆಗಲೇ ಹೇಳಿದೆ" ಅಂದರು ತಾತ.

"ಹೇಳಿದ್ರಿ, ನನಗೆ ಅರ್ಥ ಆಗಲಿಲ್ಲ. ತಾತ ಆ ಸೀನಿನಲ್ಲಿ ಸತ್ತಿದ್ರು. ಸತ್ತವರು ಅಳಲ್ಲ. ಅಳದವರಿಗೆ ಗ್ಲಿಸರಿನ್ ಬೇಕಾಗಲ್ಲ. ಬೇನೆ ಬಂದಿದ್ದು ಮೇಕಪ್ ಹಾಕ್ಕೊಂಡವರಿಗಲ್ಲ. ಅತ್ತವರಿಗೆ."

ಸೆಟ್ಟಿನಲ್ಲಿ ಗುಜುಗುಜು ಎದ್ದಿತು.

"ಇನ್ನು ಕ್ಯಾಮೆರಾಮನ್. ಅವನು ಅಳಲಿಲ್ಲ. ಕಣ್ಣಿಟ್ಟ ರಬ್ಬರಿನಿಂದ ಬಂತು, ಅದಕ್ಕೇ ಒಂದೇ ಕಣ್ಣು. ಹಾಗಿದ್ರೆ ನಮಗೆ ಬೇಕಾದವನು ಯಾರು? ಗ್ಲಿಸರಿನ್ ಕಡ್ಡಿಯನ್ನೂ ಮುಟ್ಟಿದವನು, ಆ ರಬ್ಬರಿಗೂ ಕಣ್ಣಿಟ್ಟವನು. ಶಾಟ್‌ಗೆ ಮುಂಚೆ ತನ್ನ ಮುಖ ಹೇಗೆ ಬರುತ್ತೆ ಅಂತ ಕ್ಯಾಮೆರಾದಲ್ಲಿ ಇಣುಕಿ ನೋಡೋ ಚಾಳಿ ಇಲ್ಲಿ ಒಬ್ಬರಿಗೇ ಇರೋದು."

ಎಲ್ಲರ ಕಣ್ಣೂ, ಕೆಂಪಾದದ್ದೂ ಆಗದ್ದೂ, ಮೂಲೆಯ ಕಡೆ ತಿರುಗಿದವು.

"ನಾನ್ಸೆನ್ಸ್!" ಅಂದ ಒರಿಜಿನಲ್ ಸಾರ್. "ನಾನು ಗ್ಲಿಸರಿನ್ ಮುಟ್ಟಲ್ಲ. ಇಡೀ ಜಗತ್ತಿಗೆ ಗೊತ್ತು."

"ಕನ್ನಡಕ ತೆಗೀರಿ ಸಾರ್."

"ನಾನು ಪಾತ್ರದೊಳಗಿದ್ದೀನಿ. ಒಂದು ವಾರದಿಂದ ನನಗೆ ಏನೂ ಕಾಣ್ತಿಲ್ಲ."

ಇನ್ಸ್‌ಪೆಕ್ಟರ್ ಜೇಬಿನಿಂದ ಬೀಗದ ಕೈ ತೆಗೆದು ಅವನತ್ತ ಎಸೆದ. ಒರಿಜಿನಲ್ ಸಾರ್ ಅದನ್ನು ಗಾಳಿಯಲ್ಲೇ ಹಿಡಿದ. ಹಿಡಿದ ಮೇಲೆ ಕೈಯನ್ನೇ ನೋಡುತ್ತಾ ಕೂತ.

"ಓ, ಜೇಬಲ್ಲೇ ಇತ್ತಾ" ಅಂದಳು ಮೇಕಪ್ ಅಕ್ಕ, ಎಲ್ಲೋ ಹಿಂದಿನಿಂದ.

"ನಿಮ್ಮ ಕಣ್ಣು ಕೆಂಪಾಗಿದ್ದು ಎಲ್ಲರಿಗಿಂತ ಮೊದಲು" ಅಂದ ಇನ್ಸ್‌ಪೆಕ್ಟರ್. "ಆ ದಿನ ಬೆಳಿಗ್ಗೆ ಕನ್ನಡಿ ನೋಡ್ಕೊಂಡ್ರಿ, ಗಾಬರಿಯಾಯ್ತು. ಅವತ್ತಿನ ಸೀನಿಗೆ ತೊಂದರೆ ಇರಲಿಲ್ಲ, ಅಳೋ ಸೀನು, ಕೆಂಪು ಕಣ್ಣಿಗೆ ಚಪ್ಪಾಳೆ ಸಿಕ್ತು. ಮುಂದಿನ ಸೀನುಗಳಿಗೆ ಕನ್ನಡಕ ಬೇಕಾಗಿತ್ತು, ಅದಕ್ಕೆ ಕುರುಡರಾದ್ರಿ. ದುಃಖ ತಂದ್ಕೋತೀನಿ ಅಂತ ಬಾಗಿಲು ಹಾಕ್ಕೊಂಡು ಅಕ್ಕನ ಬಾಟಲಿಯಿಂದ ಕಣ್ಣಿಗೆ ಬಿಟ್ಕೊಂಡ್ರಿ. ಕಡ್ಡಿ ರೆಪ್ಪೆಗೆ ತಾಗಿತು, ವಾಪಸ್ ಬಾಟಲಿಗೆ ಹೋಯ್ತು. ನಿಮ್ಮ ಹಿಂದೆಯೇ ಆ ಮೂವರೂ ಅದೇ ಬಾಟಲಿಯಿಂದ ಅತ್ತರು."

"ಕಣ್ಣುಬೇನೆ ಯಾರಿಗಾದ್ರೂ ಬರುತ್ತೆ" ಅಂದಳು ನಾದಿನಿ. "ಅದು ತಪ್ಪಲ್ಲ."

"ತಪ್ಪು ಅದಲ್ಲ" ಅಂದ ಇನ್ಸ್‌ಪೆಕ್ಟರ್. ಅವನ ದನಿ ಈಗ ನಟನೆಯದಾಗಿರಲಿಲ್ಲ. "ಬೆಳಗಿಂದ ಇವಳಿಗೆ ವಿಷ ಹಾಕಿದವಳು ಅಂತಿದ್ದಾರೆ. ಜೀಪು ಬರುತ್ತೆ ಅಂತಿದ್ದಾರೆ. ಆ ಕುರ್ಚೀಲಿ ಕಾಲ ಮೇಲೆ ಕಾಲು ಹಾಕ್ಕೊಂಡು ಎಲ್ಲಾ ಕೇಳಿಸ್ಕೊಂಡ್ರಿ. ಇಪ್ಪತ್ತು ವರ್ಷದಿಂದ ನಿಮ್ಮ ಮುಖದ ಗುಳಿ ಮುಚ್ಚಿದವಳು ಸಾರ್ ಇವಳು. ಒಂದು ಮಾತು ಹೇಳಿದ್ರೆ ಮುಗೀತಿತ್ತು."

ಒರಿಜಿನಲ್ ಸಾರ್ ಕನ್ನಡಕ ತೆಗೆದ. ಕಣ್ಣುಗಳು ಮಾಸಿದ ಕೆಂಪು, ಸುತ್ತ ಊತ.

"ನನ್ನ ಒಡಹುಟ್ಟಿದ ಅಕ್ಕನ ಮನೇಲಿ ಮಕ್ಕಳಿಗೆಲ್ಲ ಬಂದಿತ್ತು" ಅಂದ, ಬಹಳ ಮೆಲ್ಲಗೆ. "ನನಗೆ ಅಳೋಕೆ ಬರಲ್ಲ. ಯಾವತ್ತೂ ಬಂದಿಲ್ಲ. ಮೊದಲನೇ ಧಾರಾವಾಹೀಲಿ ಯಾರೋ ಒರಿಜಿನಲ್ ಅಂತ ಬರೆದುಬಿಟ್ರು. ಆಮೇಲೆ ಇಲ್ಲ ಅನ್ನೋಕೆ ಧೈರ್ಯ ಬರಲಿಲ್ಲ. ಹೇಳಿದ್ರೆ ಎಲ್ಲಾ ಹೋಗುತ್ತೆ ಅಂತ ಬಾಯಿಗೆ ಬೀಗ ಹಾಕ್ಕೊಂಡೆ. ತಪ್ಪಾಯ್ತು ಅಕ್ಕ. ಹೊಟ್ಟೆಗೆ ಹಾಕ್ಕೊಳ್ಳಿ."

ಹೀಗೆ ಹೇಳುತ್ತಿರುವಾಗಲೇ ಅವನ ಮುಖ ಎತ್ತೆತ್ತಲೋ ಸೊಟ್ಟಗಾಯಿತು. ತುಟಿ ಅದುರಿತು. ಗೊಗ್ಗರು ದನಿಯೊಂದು ಹೊರಟಿತು. ಕಣ್ಣಿನಿಂದ ನೀರು ಇಳಿಯಿತು, ನಿಲ್ಲದೆ ಜಾರಿತು. ಹಿಂದೆಯೇ ಮೂಗು ಸೋರಲು ಶುರುವಾಯಿತು, ಧಾರಾಳವಾಗಿ.

"ಒರಿಜಿನಲ್!" ಎಂದು ಉದ್ಗರಿಸಿದರು ನಿರ್ಮಾಪಕರು. "ಕ್ಯಾಮೆರಾ! ಕ್ಯಾಮೆರಾ ಓಡಿಸು!"

"ಮುಟ್ಟಬೇಡಿ ಆ ರಬ್ಬರನ್ನ!" ಅಂದಳು ನಾದಿನಿ.

ನಾಯಕಿ ಬಿಕ್ಕುತ್ತಾ ತಡಕಾಡಿಕೊಂಡು ಬಂದಳು. ಮೇಕಪ್ ಅಕ್ಕನನ್ನು ತಬ್ಬಿಕೊಳ್ಳಲು ಕೈ ಚಾಚಿದಳು. ನಾದಿನಿ ನಡುವೆ ಹಾರಿ ನಿಂತಳು. ಕೊನೆಗೆ ನಾಯಕಿ ಎರಡು ಮಾರು ದೂರದಿಂದಲೇ ಕ್ಷಮೆ ಕೇಳಿದಳು. ಮೂಗಿನ ವಿಷಯದಲ್ಲಿ ತನ್ನ ಅಭಿಪ್ರಾಯ ಬದಲಾಗಿಲ್ಲ ಎಂದು ಅಕ್ಕ ಹೇಳಿದಳು. ಆದರೂ ಅಷ್ಟರಲ್ಲಿ ಇಬ್ಬರಿಗೂ ನಗು ಬಂದಿತ್ತು.

ನಿಜವಾದ ಇನ್ಸ್‌ಪೆಕ್ಟರ್ ಹೊರಡುವ ಮುಂಚೆ ಅರ್ಧ ಮೀಸೆಯವನ ಹತ್ತಿರ ಬಂದು ಸೆಲ್ಯೂಟ್ ಹೊಡೆದರು. ಕೈ ಕುಲುಕಲಿಲ್ಲ. ನಾದಿನಿ ನೋಡುತ್ತಿದ್ದಳು.

*

ಶೂಟಿಂಗ್ ನಿಂತು, ಕಣ್ಣುಗಳು ಒಂದೊಂದಾಗಿ ತಿಳಿಯಾದವು. ಲ್ಯಾಬಿನಿಂದ ಕಳ್ಳನ ಹೆಸರೂ ಬಂತು. ಉದ್ದದ ಹೆಸರು, ಯಾರೂ ನೆನಪಿಟ್ಟುಕೊಳ್ಳಲಿಲ್ಲ. ಒರಿಜಿನಲ್ ಸಾರ್ ಪತ್ರಿಕೆಯವರನ್ನು ತಾನೇ ಕರೆಸಿ ಇದ್ದದ್ದು ಇದ್ದಂತೆ ಹೇಳಿದ. ಅದೂ ಅಭಿನಯವೆಂದು ಕೆಲವರು ಹೊಗಳಿದರು.

ಕೆಲಸ ಮತ್ತೆ ಶುರುವಾದ ದಿನ ಮೇಕಪ್ ಅಕ್ಕ ಮೇಜಿನ ಮೇಲೆ ಸಾಲಾಗಿ ಪುಟ್ಟ ಬಾಟಲಿಗಳನ್ನು ಇಟ್ಟಳು. ಒಬ್ಬೊಬ್ಬರಿಗೆ ಒಂದು ಬಾಟಲಿ, ಒಂದು ಕಡ್ಡಿ. ನಾಯಕಿಗೆ, ಅಮ್ಮನಿಗೆ, ತಂಗಿಗೆ. ಒರಿಜಿನಲ್ ಸಾರ್‌ಗೆ ದೊಡ್ಡದು. ಹಠ ಮಾಡಿ ದೆವ್ವವಾಗಿ ಕಥೆಗೆ ವಾಪಸಾಗಿದ್ದ ತಾತನಿಗೂ ಒಂದು.

ಇನ್ಸ್‌ಪೆಕ್ಟರ್ ಕೊನೆಯಲ್ಲಿ ಬಂದು ಕುರ್ಚಿಯಲ್ಲಿ ಕೂತ. ಬಲಗಣ್ಣು ಇನ್ನೂ ಕೆಂಪಗಿತ್ತು. ಆ ರಬ್ಬರು ಅವನನ್ನೂ ಬಿಟ್ಟಿರಲಿಲ್ಲ. ಹೆಂಡತಿ ಗ್ಲೌಸ್ ಹಾಕಿಕೊಂಡು, ಕೈಯಷ್ಟು ದೂರದಲ್ಲಿ ನಿಂತು ಅವನಿಗೆ ಹೊಸ ಮೀಸೆ ಅಂಟಿಸಿದಳು. ಅವನು ಬಾಟಲಿಗಳ ಸಾಲನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದ.

"ನನಗೆಲ್ಲಿ?"

"ನಿಮಗ್ಯಾಕೆ?"

"ಪೊಲೀಸರೂ ಒಂದೊಂದ್ಸಲ ಅಳ್ತಾರೆ. ಕಥೆ ಬರೆಯೋನು ಈ ಸಲ ನನಗೆ ಎರಡನೇ ಡೈಲಾಗ್ ಕೊಡ್ತೀನಿ ಅಂದಿದ್ದಾನೆ. ಅಳೋ ಸೀನು ಬಂದ್ರೆ?"

ಅವಳು ಮೀಸೆಯ ತುದಿಯನ್ನು ಬೆರಳಿಂದ ಒತ್ತಿ ಹಿಡಿದಳು. ಅಂಟು ಆರುವವರೆಗೆ ಹಾಗೆ ಹಿಡಿಯಬೇಕು. ಆರಿದ ಮೇಲೂ ಸ್ವಲ್ಪ ಹೊತ್ತು ಹಿಡಿದೇ ಇದ್ದಳು.

"ನಿಮಗೆ ಬೇಡ ರೀ" ಅಂದಳು. "ಅವತ್ತು ಬಟ್ಟೆ ಸ್ಟ್ಯಾಂಡಿನ ಹಿಂದೆ ನಿಂತಿದ್ರಲ್ಲ, ನಿಮ್ಮ ಮೂಗು ಸೋರ್ತಿತ್ತು. ನಾನು ನೋಡಿದೆ."